ಚೀಟಿ ಎತ್ತಿ ಕಳುಹಿಸಿದ ಸೈನ್ಯ

ಚೀಟಿ ಎತ್ತುವ ವ್ಯವಹಾರ ನಮ್ಮ ಪೇಟೆಯ ವ್ಯಾಪಾರಿಗಳಿಗೂ ಗಿರಣಿಯ ಕಾರ್ಮಿಕರಿಗೂ ಹೊಸದಲ್ಲ. ಹತ್ತು ಜನ ಹಣ ಕಟ್ಟುತ್ತಾರೆ. ಹೆಸರು ಬಂದವನು ಗಂಟು ಕಟ್ಟಿಕೊಂಡು ಸಂತೋಷದಿಂದ ಮನೆಗೆ ಹೋಗುತ್ತಾನೆ. ಆದರೆ ಗೆದ್ದವನನ್ನು ಯುದ್ಧಭೂಮಿಗೆ ಕಳುಹಿಸುವ ಚೀಟಿಯೂ ಒಂದಿತ್ತು. ಅದನ್ನು ನಡೆಸಿದ್ದು ಆಸ್ಟ್ರೇಲಿಯದ ಸರ್ಕಾರ.

1964ರ ನವೆಂಬರಿನಲ್ಲಿ ಪ್ರಧಾನಿ ಮೆಂಜೀಸ್ ಕಡ್ಡಾಯ ಸೈನ್ಯಸೇವೆಯನ್ನು ಸಾರಿದರು. ಇಪ್ಪತ್ತು ತುಂಬುವ ಯುವಕರು ಹೆಸರು ನೋಂದಾಯಿಸಬೇಕು. ಒಂದೊಂದು ತಾರೀಖಿಗೆ ಒಂದೊಂದು ಗೋಲಿಯಂತೆ ಪೀಪಾಯಿಯಲ್ಲಿ ಹಾಕಿ ತಿರುಗಿಸುತ್ತಿದ್ದರು. ಯಾವ ಗೋಲಿ ಬಂತೋ ಆ ದಿನ ಹುಟ್ಟಿದವರು, ವೈದ್ಯರ ಪರೀಕ್ಷೆಯಲ್ಲಿ ಗಟ್ಟಿಯೆನಿಸಿಕೊಂಡರೆ, ಎರಡು ವರ್ಷ ಸೈನ್ಯದಲ್ಲಿರಬೇಕು. ಆಗ ಆ ದೇಶದಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದು. ಮತಪೆಟ್ಟಿಗೆಯ ಬಳಿಗೆ ಹೋಗಲು ಎಳೆಯನಾದವನು ವಿಯೆಟ್ನಾಮಿನ ಕಾಡಿಗೆ ಹೋಗಲು ಮಾತ್ರ ಎಳೆಯನಲ್ಲ! ಇದು ಯಾವ ಪ್ರಜಾಪ್ರಭುತ್ವದ ನ್ಯಾಯ?

ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ ಒಮ್ಮೆ, 1917ರಲ್ಲಿ ಇನ್ನೊಮ್ಮೆ, ಕಡ್ಡಾಯ ಸೇವೆ ಬೇಕೇ ಎಂದು ಅದೇ ದೇಶದ ಜನರನ್ನು ಕೇಳಲಾಗಿತ್ತು. ಎರಡು ಸಲವೂ ಜನ ಬೇಡವೆಂದರು. ಈ ಸಲ ಕೇಳಲೇ ಇಲ್ಲ. ಬರುವ ಉತ್ತರಕ್ಕೆ ಹೆದರುವವರು ಪ್ರಶ್ನೆಯನ್ನೇ ನುಂಗಿಬಿಡುತ್ತಾರೆ.

ಯುದ್ಧದ ಮೂಲವನ್ನೂ ಓದುಗರು ಗಮನಿಸಬೇಕು. 1954ರ ಜಿನೀವಾ ಒಪ್ಪಂದದಂತೆ 1956ರಲ್ಲಿ ವಿಯೆಟ್ನಾಮಿನ ಎರಡು ಭಾಗಗಳಿಗೂ ಸೇರಿ ಚುನಾವಣೆ ನಡೆಯಬೇಕಿತ್ತು. ಒಪ್ಪಂದದ ಮೇಲ್ವಿಚಾರಣೆಯ ಆಯೋಗಕ್ಕೆ ನಮ್ಮ ಭಾರತವೇ ಅಧ್ಯಕ್ಷ. ಆ ಚುನಾವಣೆ ನಡೆಯಲಿಲ್ಲ. ಮತಪತ್ರದ ಜಾಗದಲ್ಲಿ ಬಂದೂಕು ಬಂತು. ಆಸ್ಟ್ರೇಲಿಯ 1962ರಲ್ಲಿ 30 ಮಂದಿ ಸೈನಿಕ ಸಲಹೆಗಾರರನ್ನು ಕಳುಹಿಸಿತು. 1965ರ ಏಪ್ರಿಲ್ 29ರಂದು ಒಂದು ಬೆಟಾಲಿಯನ್ ಕಳುಹಿಸುವ ನಿರ್ಧಾರ ಹೊರಬಿತ್ತು. ದಕ್ಷಿಣ ವಿಯೆಟ್ನಾಮಿನ ಸರ್ಕಾರ ಕೋರಿತು, ಆದ್ದರಿಂದ ಕಳುಹಿಸುತ್ತೇವೆ ಎಂದರು ಮೆಂಜೀಸ್. ಆ ಕೋರಿಕೆ ತಾನಾಗಿ ಬಂದದ್ದಲ್ಲ, ಕೇಳಿ ತರಿಸಿಕೊಂಡದ್ದು ಎಂಬುದು ಮುಂದೆ ಕಡತಗಳಿಂದ ಬಯಲಾಯಿತು.

ಕಾರಣ ಕೇಳಿದರೆ, ಕಮ್ಯೂನಿಸ್ಟ್ ಚೀನ ದಕ್ಷಿಣಕ್ಕೆ ನುಗ್ಗಿಬರುತ್ತಿದೆ ಎಂದರು. ಇಲ್ಲಿ ವ್ಯಾಪಾರಿ ಮಿತ್ರರು ಒಂದು ಲೆಕ್ಕ ನೋಡಬೇಕು. ಅದೇ ವರ್ಷಗಳಲ್ಲಿ ಆಸ್ಟ್ರೇಲಿಯದ ಗೋಧಿ ಹಡಗುಗಟ್ಟಲೆ ಚೀನಕ್ಕೆ ಮಾರಾಟವಾಗುತ್ತಿತ್ತು! ಗೋಧಿ ಕೊಳ್ಳುವಾಗ ಚೀನ ಒಳ್ಳೆಯ ಗಿರಾಕಿ. ಸೈನ್ಯ ಕಟ್ಟುವಾಗ ಮಾತ್ರ ಮನೆಬಾಗಿಲಿಗೆ ಬಂದ ವೈರಿ. ಕಮ್ಯೂನಿಸಂ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು ಇರಲಿ. ಆದರೆ ಎರಡು ಖಾತೆ ಬರೆಯುವ ಸರ್ಕಾರದ ಮಾತನ್ನು ನಂಬಿ ಮಗನನ್ನು ಒಪ್ಪಿಸುವುದು ಹೇಗೆ?

ಯುದ್ಧಭೂಮಿಯಲ್ಲಿ ಏನಾಯಿತು? ಫುವಾಕ್ ತುಯ್ ಪ್ರಾಂತ್ಯದಲ್ಲಿ ಆಸ್ಟ್ರೇಲಿಯದ ಪಡೆ ಬೀಡುಬಿಟ್ಟಿತ್ತು. 1966ರ ಆಗಸ್ಟ್ 18ರಂದು ಲಾಂಗ್ ತಾನ್ ರಬ್ಬರ್ ತೋಟದ ಕಾಳಗದಲ್ಲಿ 18 ಆಸ್ಟ್ರೇಲಿಯನ್ನರು ಸತ್ತರು. ಎದುರು ಪಕ್ಷದಲ್ಲಿ ಸತ್ತವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. 1967ರಲ್ಲಿ ಶತ್ರುವನ್ನು ತಡೆಯಲೆಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ನೆಲಬಾಂಬುಗಳನ್ನು ಹೂಳಿದರು. ಗೆರಿಲ್ಲಾಗಳು ರಾತ್ರಿ ಬಂದು ಅವನ್ನು ಕಿತ್ತು, ಹೂಳಿದವರ ದಾರಿಯಲ್ಲೇ ಮತ್ತೆ ಹೂತರು. ತಾವೇ ತೋಡಿದ ಹಳ್ಳಕ್ಕೆ ತಾವೇ ಬೀಳುವುದೆಂದರೆ ಇದೇ. ಬಿದ್ದವರು ಮಾತ್ರ ಅಪ್ಪಣೆ ಕೊಟ್ಟವರಲ್ಲ, ಕಾಲ್ನಡೆಯ ಸೈನಿಕರು.

ವಿರೋಧಿಸಿದವರು ಇರಲಿಲ್ಲವೇ? ಇದ್ದರು. ಲೇಬರ್ ಪಕ್ಷದ ನಾಯಕ ಆರ್ಥರ್ ಕಾಲ್ವೆಲ್ 1965ರ ಮೇ 4ರಂದು ಸಂಸತ್ತಿನಲ್ಲಿ ಎದ್ದು ನಿಂತು ವಿರೋಧಿಸಿದರು. ಇದು ಕಷ್ಟದ ಹಾದಿ ಎಂದು ತಮ್ಮವರನ್ನೂ ಎಚ್ಚರಿಸಿದರು. 1966ರ ಚುನಾವಣೆಯಲ್ಲಿ ಅವರ ಪಕ್ಷ ಹೀನಾಯವಾಗಿ ಸೋತಿತು. ಬಹುಮತ ಆಗ ಯುದ್ಧದ ಕಡೆಗಿತ್ತು. ಇದನ್ನು ನಾವು ಮುಚ್ಚಿಡುವುದಿಲ್ಲ. 1967ರಲ್ಲಿ ಬೂನರೂ ಎಂಬ ಹಡಗಿನಲ್ಲಿ ಯುದ್ಧಸಾಮಗ್ರಿ ಸಾಗಿಸಲು ನಾವಿಕರು ಒಪ್ಪಲಿಲ್ಲ. ಸರ್ಕಾರ ಹಡಗನ್ನೇ ನೌಕಾಪಡೆಗೆ ಸೇರಿಸಿಕೊಂಡಿತು. ಎಲ್ಲ ಕಾರ್ಮಿಕ ಸಂಘಗಳೂ ಆ ನಾವಿಕರ ಬೆನ್ನಿಗೆ ನಿಲ್ಲಲಿಲ್ಲ. ಮಕ್ಕಳನ್ನು ಉಳಿಸಿರೆಂದು ಬೀದಿಗಿಳಿದ ತಾಯಂದಿರಲ್ಲಿ ಐವರನ್ನು 1971ರಲ್ಲಿ ಮೆಲ್ಬರ್ನಿನಲ್ಲಿ ಜೈಲಿಗೆ ಹಾಕಿದರು.

ಆದರೂ ಸತ್ಯ ಕುಂಟುತ್ತಲೇ ಊರು ಸೇರಿತು. 1970ರ ಮೇ 8ರಂದು ದೇಶದ ನಗರಗಳಲ್ಲಿ ಸುಮಾರು ಎರಡು ಲಕ್ಷ ಜನ ಕೆಲಸ ಬಿಟ್ಟು, ಅಂಗಡಿ ಬಿಟ್ಟು, ಪಾಠ ಬಿಟ್ಟು ಮೆರವಣಿಗೆ ಹೊರಟರು. 1972ರ ಡಿಸೆಂಬರಿನಲ್ಲಿ ಗೆದ್ದ ವಿಟ್ಲಮ್ ಸರ್ಕಾರ ಬಂದೊಡನೆ ಚೀಟಿ ಎತ್ತುವುದನ್ನು ನಿಲ್ಲಿಸಿತು. ಸೈನ್ಯಸೇವೆಗೆ ಒಲ್ಲೆನೆಂದು ಜೈಲು ಸೇರಿದ್ದ ಯುವಕರನ್ನು ಬಿಡಿಸಿತು.

ಕೊನೆಯ ಜಮಾಖರ್ಚು ಇಷ್ಟು. ಸುಮಾರು 60,000 ಆಸ್ಟ್ರೇಲಿಯನ್ನರು ಆ ಯುದ್ಧಕ್ಕೆ ಹೋದರು. 500ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಸುಮಾರು 200 ಮಂದಿ ಚೀಟಿಯಲ್ಲಿ ಹೋದವರು. ವಿಯೆಟ್ನಾಮಿನ ಸಾವು ಲಕ್ಷಗಳ ಲೆಕ್ಕ. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ಮರಳಿದ ಸೈನಿಕರಿಗೆ ದೊಡ್ಡ ಸ್ವಾಗತ ಸಿಕ್ಕಿದ್ದು 1987ರಲ್ಲಿ. ಅವರನ್ನು ನಾವು ದೂರುವುದಿಲ್ಲ. ಅವರೂ ದುಡಿಯುವ ಜನರ ಮಕ್ಕಳೇ.

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬುದು ನಮ್ಮ ಗಾದೆ. ಅಲ್ಲಿ ಖರ್ಚಾದದ್ದು ದುಡ್ಡು ಮಾತ್ರವಲ್ಲ, ಪ್ರಾಯದ ಮಕ್ಕಳು. ಆದ್ದರಿಂದ ಯಾವ ದೇಶದ ಯಾವ ಸರ್ಕಾರವೇ ಯುದ್ಧದ ನಗಾರಿ ಬಾರಿಸಲಿ, ಮೂರು ಪ್ರಶ್ನೆ ಕೇಳಬೇಕು: ಕರೆದವರು ಯಾರು? ಹೋಗುವವರು ಯಾರ ಮಕ್ಕಳು? ಅವರನ್ನು ಕೇಳಿದಿರಾ? ನಗಾರಿಯ ಸದ್ದಿನಲ್ಲಿ ಈ ಪ್ರಶ್ನೆ ಕೇಳಿಸದಿರಬಹುದು, ಕೇಳಿದವರು ಚುನಾವಣೆಯಲ್ಲಿ ಸೋಲಲೂಬಹುದು. ಆದರೂ ಕೇಳುವುದನ್ನು ನಿಲ್ಲಿಸಬಾರದು.