ಮಗಳು ಥಾಯ್ ಊಟ ಮಾಡಿದರೆ ನಿಮಗೇನು ಕಷ್ಟ?

ಬೆಂಗಳೂರಲ್ಲಿ ಕೆಲಸಕ್ಕಿರುವ ಊರಿನ ಹುಡುಗಿಯೊಬ್ಬಳು ಅಪ್ಪ ಅಮ್ಮನ ಮದುವೆ ದಿನ ಅಂತ ಅವರನ್ನು ಥಾಯ್ ಹೋಟೆಲಿಗೆ ಕರೆದುಕೊಂಡು ಹೋಗಿ, ಫೋಟೋ ತೆಗೆದು ಸ್ಟೇಟಸ್ ಹಾಕಿದಳು ಅಂತಿಟ್ಟುಕೊಳ್ಳಿ. ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಶುರು. "ಮನೇಲಿ ಅನ್ನ ಇರ್ಲಿಲ್ವಂತಾ?" "ಹುಳ ಹುಪ್ಪಟೆ ತಿನ್ನೋರ ಊಟ ಕಣಯ್ಯ ಅದು." "ನಾಲ್ಕು ಕಾಸು ಸಂಬಳ ಬಂತು, ಮುದ್ದೆ ಮರೆತ್ಲು."

ಹೀಗೆ ಮಾತಾಡುವವರಿಗೆ ನಮ್ಮದೊಂದು ಪ್ರಶ್ನೆ. ನಿಮ್ಮ ಮನೆಯ ಕಳೆದ ಮದುವೆಯ ರಿಸೆಪ್ಷನ್ನಿಗೆ ಏನು ಬಡಿಸಿದಿರಿ? ಗೋಬಿ ಮಂಚೂರಿ, ರುಮಾಲಿ ರೋಟಿ, ಪನೀರ್, ಕೊನೆಗೆ ಐಸ್‌ಕ್ರೀಂ. ಬೀಗರೂಟದಲ್ಲಿ ಮುದ್ದೆ ಇನ್ನೂ ಉಳಿದಿದೆ, ಸಂತೋಷ. ಆದರೆ ಪೇಟೆಯ ನೆಂಟರು ಬರುವ ರಾತ್ರಿ ಮುದ್ದೆಯೂ ಇಲ್ಲ, ರೊಟ್ಟಿಯೂ ಇಲ್ಲ. ಗೋಬಿಗೆ ಕೃತಕ ಬಣ್ಣ ಹಾಕಬೇಡಿ ಅಂತ 2024ರಲ್ಲಿ ಸರ್ಕಾರವೇ ನಿಷೇಧ ಹೊರಡಿಸಬೇಕಾಯಿತು. ಆ ಗೋಬಿ ನಮ್ಮ ಸಂಸ್ಕೃತಿ, ಆ ಹುಡುಗಿ ತಿಂದ ತೆಂಗಿನಹಾಲಿನ ಸಾರು ಪರದೇಶದ್ದು!

ಅಷ್ಟಕ್ಕೂ ಆ ಊಟದಲ್ಲಿ ಏನಿರುತ್ತದೆ? ಅನ್ನ, ತೆಂಗಿನಹಾಲು, ಹಸಿಮೆಣಸು, ಹುಣಸೆಹಣ್ಣು, ಕಡಲೆಕಾಯಿ, ತಾಳೆಬೆಲ್ಲ, ಮಜ್ಜಿಗೆ ಹುಲ್ಲು, ಶುಂಠಿ ಜಾತಿಯದೊಂದು ಗಡ್ಡೆ. ಹೆಚ್ಚಿನದು ನಮ್ಮ ಹಿತ್ತಲಲ್ಲೂ ಬೆಳೆಯುವಂಥದ್ದೇ. ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಸುಮಾರು 500 ವರ್ಷದ ಹಿಂದೆ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಇವತ್ತು ಮೆಣಸಿನಕಾಯಿ ಅಂದರೆ ನಾವು ಬ್ಯಾಡಗಿ ಅನ್ನುತ್ತೇವೆ. ಹುಳದ ಮಾತಿಗೂ ಉತ್ತರ ಇದೆ. ಅಲ್ಲಿ ಕರಿದ ಹುಳ ಮಾರುವ ಗಾಡಿಗಳಿವೆ, ನಿಜ. ನಮ್ಮ ಮಲೆನಾಡಿನಲ್ಲಿ ಕೆಂಪಿರುವೆ ಅರೆದು ಚಗಳಿ ಚಟ್ನಿ ಮಾಡುತ್ತಾರೆ, ಅದೂ ನಿಜ. ಮಾಂಸ ಮೀನು ತಿನ್ನದವರು ಮಾತ್ರ ಮೊದಲೇ ಕೇಳಿಕೊಳ್ಳಿ. ತರಕಾರಿ ಪದಾರ್ಥಕ್ಕೂ ಮೀನಿನ ರಸ, ಸಿಗಡಿ ಹಾಕಿ ಅರೆದ ಮಸಾಲೆ ಸೇರಿಸುವುದು ಅಲ್ಲಿನ ರೂಢಿ.

ಇನ್ನು ಹೋಟೆಲಿಗೆ ಕರೆದುಕೊಂಡು ಹೋಗುವ ಮಕ್ಕಳಿಗೂ ಒಂದು ಮಾತು. ಅಲ್ಲಿ ಕೂತು "ಅಪ್ಪಾ, ಕೈಯಲ್ಲಿ ತಿನ್ಬೇಡ, ಎಲ್ರೂ ನೋಡ್ತಾರೆ" ಅಂತ ಪಿಸುಗುಡುತ್ತೀರಲ್ಲ, ಥಾಯ್ ಜನ ಹೇಗೆ ತಿನ್ನುತ್ತಾರೆ ಗೊತ್ತೇ? ಅನ್ನ ತಿನ್ನುವುದು ಚಮಚದಲ್ಲಿ. ಫೋರ್ಕು ಇರುವುದು ಅನ್ನವನ್ನು ಚಮಚಕ್ಕೆ ತಳ್ಳಲು. ಆ ಎರಡು ಕಡ್ಡಿಗಳು ಮುಖ್ಯವಾಗಿ ನೂಡಲ್ಸಿಗೆ. ಉತ್ತರದಲ್ಲಿ, ಈಶಾನ್ಯದಲ್ಲಿ ಅಂಟು ಅಕ್ಕಿಯ ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ, ಅದ್ದಿಕೊಂಡು ತಿನ್ನುತ್ತಾರೆ. ನಾವು ಮುದ್ದೆ ಮುರಿದು ಸಾರಿಗೆ ಅದ್ದುತ್ತೇವಲ್ಲ, ಹಾಗೆ. ಥಾಯ್ ರೈತನಿಗೇ ಇಲ್ಲದ ನಾಚಿಕೆ ಬೆಂಗಳೂರಿನ ಹೋಟೆಲಲ್ಲಿ ಕೂತ ನಮಗೇಕೆ?

ಆ ಈಶಾನ್ಯ ಸೀಮೆಯ ಹೆಸರು ಈಸಾನ್. ಮಳೆ ನಂಬಿದ ಬೇಸಾಯ, ಬಡತನ, ಬ್ಯಾಂಕಾಕಿಗೆ ಗುಳೆ. ಕೇಳಿದರೆ ನಮ್ಮ ಯಾದಗಿರಿ, ರಾಯಚೂರು ನೆನಪಾಗುತ್ತದೆ. ಕಟ್ಟಡ ಕೆಲಸಕ್ಕೆ, ಟ್ಯಾಕ್ಸಿ ಓಡಿಸಲಿಕ್ಕೆ ಹೋದ ಆ ಜನ ತಮ್ಮ ಊಟವನ್ನೂ ಜೊತೆಗೆ ಒಯ್ದರು. ಎಳೆ ಎಳೆಯಾಗಿ ಹೆಚ್ಚಿದ ಪರಂಗಿಕಾಯಿ, ಮೆಣಸು, ನಿಂಬೆ, ಕಡಲೆಕಾಯಿ ಒರಳಿಗೆ ಹಾಕಿ ಕುಟ್ಟಿದರೆ 'ಸೋಮ್ ತಾಮ್'. ಕೂಲಿಯವರ ಆ ತಿಂಡಿ ಇವತ್ತು ಸ್ಟಾರ್ ಹೋಟೆಲಿನ ಮೆನುವಿನಲ್ಲಿದೆ. ನಮ್ಮ ಗುಳೆ ಜನರ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲಿದೆ? ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದೆ.

ಈ ವ್ಯತ್ಯಾಸ ತಾನಾಗಿ ಆದದ್ದಲ್ಲ. ಥಾಯ್ಲೆಂಡ್ ತನ್ನ ಊಟವನ್ನು ಬೇಕೆಂದೇ ಬೆಳೆಸಿತು. 'ಪಾಡ್ ಥಾಯ್' ಎಂಬ ಅಕ್ಕಿ ನೂಡಲ್ಸನ್ನು ದೇಶದ ತಿಂಡಿಯಾಗಿ ಹಬ್ಬಿಸಿದ್ದು ಎರಡನೇ ಮಹಾಯುದ್ಧದ ಸುಮಾರಿನ ಪ್ರಧಾನಿ ಫಿಬುನ್ ಸರ್ಕಾರ. 2002ರಲ್ಲಿ 'ಗ್ಲೋಬಲ್ ಥಾಯ್' ಎಂಬ ಯೋಜನೆ ಬಂತು. ಅಡುಗೆಯವರಿಗೆ ತರಬೇತಿ, ಹೊರದೇಶದಲ್ಲಿ ಹೋಟೆಲ್ ತೆರೆಯುವ ತಮ್ಮವರಿಗೆ ಸಾಲ, ಸಾಮಾನು ಕಳಿಸಲು ಅನುಕೂಲ. ಚೆನ್ನಾಗಿ ನಡೆಸುವ ಹೋಟೆಲಿಗೆ ವಾಣಿಜ್ಯ ಇಲಾಖೆಯಿಂದ 'ಥಾಯ್ ಸೆಲೆಕ್ಟ್' ಮುದ್ರೆ. ಆಗ ಸುಮಾರು ಐದೂವರೆ ಸಾವಿರ ಇದ್ದ ಹೊರದೇಶದ ಥಾಯ್ ಹೋಟೆಲುಗಳು ಈಗ 10,000 ದಾಟಿವೆ. ಹೋಟೆಲ್ ಹೋದಲ್ಲಿಗೆ ಅವರ ಅಕ್ಕಿ, ಸಾಸು, ತೆಂಗಿನಹಾಲಿನ ಡಬ್ಬ ಹಿಂದೆಯೇ ಹೋಯಿತು. ಈಸಾನ್ ಬಯಲಿನ ಮಲ್ಲಿಗೆ ಅಕ್ಕಿಗೆ 2013ರಲ್ಲಿ ಯುರೋಪಿನಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. ಅವರಿಗೆ ಹೋಟೆಲ್ ಅಂದರೆ ರೈತನ ಅಂಗಡಿ.

ನಾವೇನು ಮಾಡಿದೆವು? ತಿಪಟೂರಿಂದ ಬೆಂಗಳೂರಿಗೆ ಮೂರು ಗಂಟೆಯ ದಾರಿ. ಅದೇ ಬೆಂಗಳೂರಿನ ಸೂಪರ್ ಮಾರ್ಕೆಟಿನಲ್ಲಿ ಥಾಯ್ಲೆಂಡಿನ ತೆಂಗಿನಹಾಲು ಡಬ್ಬದಲ್ಲಿ ಕೂತಿದೆ. ಕೊಬ್ಬರಿ ಬೆಲೆ ಬಿದ್ದಾಗ ನಮ್ಮ ರೈತ ಎಪಿಎಂಸಿ ಮುಂದೆ ಧರಣಿ ಕೂರುತ್ತಾನೆ. 2023 ಸಿರಿಧಾನ್ಯ ವರ್ಷ ಆಯಿತು. ಮೇಳ ನಡೆಯಿತು, ಮಂತ್ರಿಗಳು ರಾಗಿ ಲಾಡು ತಿಂದು ಫೋಟೋ ತೆಗೆಸಿಕೊಂಡರು. ಮಳಿಗೆ ಬಿಚ್ಚಿದ ಮೇಲೆ ರೊಟ್ಟಿ ತಟ್ಟುವ ಅಕ್ಕನಿಗೆ ಏನು ಉಳಿಯಿತು?

"ಹೋಟೆಲ್ ನಡೆಸೋದು ಸರ್ಕಾರದ ಕೆಲಸವಾ? ಉಡುಪಿಯವರು ಯಾರ ಸಾಲಕ್ಕೆ ಕಾದರು?" ಅಂತ ಕೇಳಬಹುದು. ನ್ಯಾಯವಾದ ಮಾತು. ಅವರು ಸ್ವಂತ ಬಲದಿಂದ ಇಡ್ಲಿ ದೋಸೆಯನ್ನು ದೇಶದಾಚೆಗೂ ಒಯ್ದರು. ಆದರೆ ಹಳ್ಳಿಯ ಖಾನಾವಳಿ ಅಕ್ಕನ ಹತ್ತಿರ ಬೆಂಗಳೂರಲ್ಲಿ ಅಂಗಡಿ ಹಿಡಿಯುವ ಅಡ್ವಾನ್ಸ್ ದುಡ್ಡಿಲ್ಲ, ಕೈ ಹಿಡಿಯುವ ನೆಂಟರೂ ಅಲ್ಲಿಲ್ಲ. ಬೆಂಗಳೂರಲ್ಲಿ ಮುದ್ದೆ ಹೋಟೆಲು, ಖಾನಾವಳಿ ಇಲ್ಲವೆಂದಲ್ಲ. ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲಿಗೆ ಹೋಗುತ್ತೇವೆ, ಸಂಭ್ರಮಕ್ಕೆ ಬೇರೆ ಕಡೆ ಹೋಗುತ್ತೇವೆ. ರೋಗ ಇರುವುದು ಅಲ್ಲಿ.

ಹಾಗಾಗಿ ಬೈಯುವುದಾದರೆ ಸರಿಯಾದವರನ್ನು ಬೈಯಿರಿ. ಓಟು ಕೇಳಲು ಬಂದವರಿಗೆ ಕೇಳಿ: ನಮ್ಮ ಸ್ತ್ರೀಶಕ್ತಿ ಸಂಘದವರು ಪೇಟೆಯಲ್ಲಿ ಒಳ್ಳೆಯ ಹೋಟೆಲ್ ತೆರೆಯಲು ಸಾಲ ಎಲ್ಲಿ, ತರಬೇತಿ ಎಲ್ಲಿ? ನಮ್ಮ ರಾಗಿ, ಜೋಳ, ತೆಂಗು ಕೊಳ್ಳುವ ಹೋಟೆಲಿಗೆ ನಿಮ್ಮ ಮುದ್ರೆ ಎಲ್ಲಿ? ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಆಗಬೇಕಾದ ಕೆಲಸ ಒಂದಿದೆ. ಮುಂದಿನ ಮದುವೆಯ ರಿಸೆಪ್ಷನ್ನಿನಲ್ಲಿ ಗೋಬಿ ಕೌಂಟರ್ ತೆಗೆದು ಅದೇ ದೀಪದ ಕೆಳಗೆ ಬಿಸಿ ರೊಟ್ಟಿ ತಟ್ಟುವವರನ್ನು ಕೂರಿಸಿ. ತಟ್ಟಿದವರಿಗೆ ಭಟ್ಟರಿಗೆ ಕೊಡುವಷ್ಟೇ ಕೂಲಿ ಕೊಡಿ.

ನಮ್ಮ ಊಟವನ್ನು ನೆಂಟರ ಮುಂದೆ ಇಡಲು ನಾವೇ ನಾಚಿದರೆ, ನಮ್ಮ ಮಕ್ಕಳು ಅದನ್ನು ಹಬ್ಬದೂಟ ಅಂತ ಹೇಗೆ ತಿಳಿದಾರು?