ಮೊದಲ ಟ್ಯೂಬಾ: ಕೊಳ್ಳುವ ಮುನ್ನ ಕೂತು ನೋಡಿ



ಸಿಡ್ನಿಯಿರಲಿ, ಮೆಲ್ಬರ್ನ್ ಇರಲಿ, ಶಾಲೆಯ ಬ್ಯಾಂಡಿನಲ್ಲಿ ಮಗುವಿಗೆ ಟ್ಯೂಬಾ ಕೊಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು: "ಅಷ್ಟು ದೊಡ್ಡದಾ? ಫ್ಲೂಟ್ ಸಿಗಲಿಲ್ವಾ?"

ಬೇಸರ ಬೇಡ. 1835ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ಹಿತ್ತಾಳೆ ವಾದ್ಯವೇ ಬ್ಯಾಂಡಿನ ತಳಪಾಯ. ಅದು ನಿಂತರೆ ಉಳಿದ ವಾದ್ಯಗಳೆಲ್ಲ ಗಾಳಿಯಲ್ಲಿ ತೇಲಿದಂತೆ ಕೇಳುತ್ತವೆ.

ಆದರೆ ಆತುರಪಟ್ಟು ಕೊಳ್ಳಬೇಡಿ. ಬಿ-ಫ್ಲಾಟ್ ಟ್ಯೂಬಾದ ಕೊಳವೆ ಬಿಡಿಸಿಟ್ಟರೆ ಸುಮಾರು 5.5 ಮೀಟರ್ ಉದ್ದ! ಮಕ್ಕಳಿಗೆ ಮುಕ್ಕಾಲು ಅಳತೆಯದು ಸಾಕು. ಬಿ-ಫ್ಲಾಟ್ ಬೇಕೋ ಇ-ಫ್ಲಾಟ್ ಬೇಕೋ ಬ್ಯಾಂಡ್ ಟೀಚರನ್ನೇ ಕೇಳಿ. ಶಾಲೆಯಲ್ಲೋ ಅಂಗಡಿಯಲ್ಲೋ ಬಾಡಿಗೆಗೆ ಸಿಕ್ಕರೆ ಮೊದಲ ವರ್ಷ ಅದೇ ಒಳ್ಳೆಯದು.

ಮಗುವನ್ನು ಕುರ್ಚಿಯಲ್ಲಿ ಕೂರಿಸಿ ನೋಡಿ. ಕತ್ತು ಚಾಚದೆ, ಬೆನ್ನು ಬಾಗದೆ ಮೌತ್‌ಪೀಸ್ ತುಟಿಗೆ ಬರಬೇಕು. ಹಳೆಯದಾದರೆ, ಒತ್ತಿದ ವಾಲ್ವ್ ತಕ್ಷಣ ಮೇಲೇಳಬೇಕು. ಸಣ್ಣ ನೆಗ್ಗಿದ್ದರೆ ಚಿಂತೆಯಿಲ್ಲ. ವಾಲ್ವ್ ಕಚ್ಚಿಕೊಳ್ಳುವಂತಿದ್ದರೆ ಬಿಟ್ಟುಬಿಡಿ. ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ ಅಂತಲೂ ಅಳೆದುಕೊಳ್ಳಿ.

ಮಕ್ಕಳೇ, ಮೊದಲ ವಾರ ಎಮ್ಮೆ ಕೂಗಿದಂತೆ ಕೇಳಿಸಿದರೂ ನಾಚಿಕೊಳ್ಳಬೇಡಿ. ದಿನಾ ಹತ್ತು ನಿಮಿಷ ಊದಿ. ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ನಿಮ್ಮ ಟ್ಯೂಬಾಕ್ಕೂ ಜಾಗ ಇಟ್ಟಿರುತ್ತೇವೆ!