ಸರದಾರನಲ್ಲದ ನಮ್ಮ ಹಿರಿಯ



ಯುಗಾದಿಯ ಹೊತ್ತಿಗೆ ನಮ್ಮ ಮನೆತನದ ವಂಶಾವಳಿಯನ್ನು ಅಚ್ಚು ಹಾಕಿಸಬೇಕೆಂದು ನನ್ನ ತಮ್ಮನ ಮಗ ಕರಡೊಂದನ್ನು ಕಳುಹಿಸಿದ್ದಾನೆ. ಚಿಕ್ಕೋಡಿಯಲ್ಲಿ ಮೊದಲು ನೆಲೆನಿಂತ ನಮ್ಮ ಹಿರಿಯನು ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳ್ಕರರ ಕುದುರೆಪಡೆಯ ಸರದಾರನಾಗಿದ್ದನಂತೆ. 1845ರಲ್ಲಿ ಆ ಸಂಸ್ಥಾನದಿಂದ ಹೊಲವನ್ನು ಇನಾಮಾಗಿ ಪಡೆದನಂತೆ. ನಿಪ್ಪಾಣಿ ಸಂಸ್ಥಾನವು 1839ರಲ್ಲಿಯೇ ಕಂಪನಿ ಸರಕಾರದ ವಶವಾಯಿತು, ಅಥಣಿಯೂ ಅದರೊಡನೆಯೇ ಹೋಯಿತು. ಇಲ್ಲದ ಸಂಸ್ಥಾನ ಆರು ವರ್ಷಗಳ ಮೇಲೆ ಇನಾಮು ಕೊಟ್ಟಿತೇ? ಏಳನೆಯ ತರಗತಿಯ ಹುಡುಗ ಹೀಗೆ ಬರೆದಿದ್ದರೆ ಅವನ ಕಿವಿ ಹಿಂಡುತ್ತಿದ್ದೆ.

ನಮಗೆ ತಿಳಿದಿರುವುದು ಬೇರೆ. ನಾನು ಚಿಕ್ಕವನಿದ್ದಾಗ ಕೆಲವು ವರ್ಷಗಳಿಗೊಮ್ಮೆ ಸುಗ್ಗಿಯ ನಂತರ ಹೆಳವರು ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ನಸುಕಿನಲ್ಲಿ ಅಂಗಳದ ಮುಂದೆ ನಿಂತು ನಮ್ಮ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುವರು. ಹೊಸದಾಗಿ ಹುಟ್ಟಿದ ಮಕ್ಕಳನ್ನು ಹೊತ್ತಿಗೆಯಲ್ಲಿ ಬರೆದುಕೊಂಡು, ಜೋಳ, ಬಟ್ಟೆ, ಕಾಣಿಕೆ ಪಡೆದು ಮುಂದಿನ ಮನೆಗೆ ಹೋಗುವರು. ಅವರು ಓದಿದ್ದನ್ನು ನಾನೇ ಕೇಳಿದ್ದೇನೆ: ನಮ್ಮ ಹಿರಿಯನು ಬರಗಾಲದಲ್ಲಿ ಅಥಣಿಯ ಕಡೆಯಿಂದ ಜೋಡೆತ್ತುಗಳೊಡನೆ ಬಂದವನು. ಇಲ್ಲಿ ಹೊಲವಿದ್ದ ವಿಧವೆಯೊಬ್ಬಳನ್ನು ಉಡಕಿ ಮಾಡಿಕೊಂಡನು. ಅಂದರೆ ನಾವು ಇಂದಿಗೂ ಉಳುತ್ತಿರುವ ಹೊಲ ಆ ತಾಯಿಯದು.

ಕರಡಿನಲ್ಲಿ ಆಕೆ ಇಲ್ಲ. ಕೇಳಿದ್ದಕ್ಕೆ, “ದೊಡ್ಡಪ್ಪಾ, ಉಡಕಿ ಅಂತ ಅಚ್ಚಾದ್ರ ನಾಳೆ ಮಕ್ಕಳ ಲಗ್ನಕ್ಕ ತೊಡಕ ಆಗತೈತಿ” ಎಂದ. 1884ರ ಬೆಳಗಾವಿ ಜಿಲ್ಲೆಯ ಗೆಝೆಟಿಯರ್ ತೆರೆದು ನೋಡಲಿ. ವಿಧವೆಯರ ಮರುವಿವಾಹ ಈ ಭಾಗದ ಅನೇಕ ಜಾತಿಗಳಲ್ಲಿ ನಡೆಯುತ್ತಿದ್ದುದು ಅಲ್ಲಿ ದಾಖಲಾಗಿದೆ. ಅಂದು ಊರೇ ಒಪ್ಪಿದ್ದ ಸಂಬಂಧಕ್ಕೆ ಇಂದು ಪದವೀಧರನು ನಾಚುತ್ತಾನೆ!

ಹೆಳವರ ಮಾತನ್ನು ನಂಬಬಹುದೇ ಎಂಬುದು ಅವನ ಇನ್ನೊಂದು ಪ್ರಶ್ನೆ. ನ್ಯಾಯವಾದದ್ದೇ. ಕಾಣಿಕೆಗಾಗಿ ಹೊಗಳುವುದುಂಟು, ಆದರೆ ಹೊಗಳಬೇಕೆಂದಿದ್ದರೆ ಅವರೇ ಒಬ್ಬ ಸರದಾರನನ್ನು ಹುಟ್ಟಿಸಬಹುದಿತ್ತಲ್ಲ? ಸಂಶಯವಿದ್ದರೆ ಮೋಡಿ ಲಿಪಿಯ ಹಳೆಯ ಕಾಗದಗಳಿವೆ. ಕುಲಕರ್ಣಿ ವತನ ರದ್ದಾಗುವ ಕಾಯ್ದೆ ಬಂದದ್ದು 1950ರಲ್ಲಿ; ಅದಕ್ಕೆ ಮೊದಲು ಅನೇಕ ಊರುಗಳ ಹೊಲದ ಲೆಕ್ಕ ಆ ಮನೆತನಗಳ ಕೈಯಲ್ಲಿತ್ತು. ಎಲ್ಲ ಕಾಗದವೂ ಒಂದೆಡೆ ಸಿಗದು, ನಿಜ. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಕಾಗವಾಡದ ಕಡೆ ಪಟವರ್ಧನರ ಜಹಗೀರು. ನಾಲ್ಕು ಹರದಾರಿ ನಡೆದರೆ ಸರಕಾರವೇ ಬದಲಾಗುತ್ತಿದ್ದ ಗಡಿನಾಡಿದು. ಮೋಡಿ ಬಲ್ಲ ಹಿರಿಯರನ್ನು ಹುಡುಕಿ, ನಾಲ್ಕು ದಿನ ಧೂಳು ಕುಡಿಯಬೇಕು. ನಮ್ಮ ಹುಡುಗ ಒಂದು ಕಾಗದವನ್ನೂ ಬಿಚ್ಚಲಿಲ್ಲ. ಅಂತರ್ಜಾಲದಿಂದ ಸರದಾರನ ಚಿತ್ರವೊಂದನ್ನು ಮಾತ್ರ ಇಳಿಸಿಕೊಂಡಿದ್ದಾನೆ.

ಅವನೊಬ್ಬನನ್ನೇ ಬೈಯಲಾರೆ. ನಾನು ನೌಕರಿಯಲ್ಲಿದ್ದಾಗ ಒಂದು ಮುಂಜಾನೆ ಹೆಳವರು ನನ್ನ ಬಾಡಿಗೆ ಮನೆಯನ್ನು ಹುಡುಕಿಕೊಂಡು ಬಂದಿದ್ದರು. ಶಾಲೆಯಲ್ಲಿ ತಪಾಸಣೆ ಇತ್ತು. “ಸಂಜೆಗೆ ಬನ್ನಿ” ಎಂದು ಬಾಗಿಲು ಹಾಕಿಕೊಂಡೆ. ಮಕ್ಕಳಿಗೆ ಪೇಶ್ವೆಗಳ ವಂಶಾವಳಿ ಬಾಯಿಪಾಠ ಮಾಡಿಸಲು ಓಡಿದ ಮಾಸ್ತರ ನಾನು! ಅವರು ಮರಳಿ ಬರಲಿಲ್ಲ. ನನ್ನ ಮಕ್ಕಳ ಹೆಸರು ಆ ಹೊತ್ತಿಗೆಯಲ್ಲಿ ಏರಲಿಲ್ಲ.

ಆ ತಾಯಿಯ ಹೆಸರು ನನ್ನ ತಂದೆಯವರಿಗೂ ನೆನಪಿರಲಿಲ್ಲ. ನಮ್ಮ ಮನೆತನದ ಹೊತ್ತಿಗೆ ಇಟ್ಟಿರುವ ಹೆಳವರು ಈಗ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ತಿಳಿಸಿರಿ. ಎತ್ತಿಗೆ ಹಿಂಡಿಯನ್ನೂ ಅವರಿಗೆ ಜೋಳವನ್ನೂ ನಾನೇ ಒಯ್ದು ಕೊಟ್ಟು ಬರುತ್ತೇನೆ. ಅಲ್ಲಿಯವರೆಗೆ ಆ ಪುಸ್ತಕಕ್ಕೆ ನನ್ನ ಸಹಿಯಿಲ್ಲ, ವಂತಿಗೆಯೂ ಇಲ್ಲ.